ಆ ಎಂ ಸೈಜ್ ನೀಕ್ಯಾಪ್ ಹಾಕಿಕೊಂಡು ಕುಮಾರ ಪರ್ವತ ಹತ್ತಬೇಡಿ

ಸರ್, ನಮ್ಮ ಗುಂಪಿನಲ್ಲಿ ನೀವು ಹಾಕಿದ ಫೋಟೋ ನೋಡಿ ಸುಮ್ಮನಿರಲು ಆಗಲಿಲ್ಲ. ಮಂಡಿಗೆ ಹಾಕಿದ ನೀಕ್ಯಾಪಿನ ಅಂಚು ತೊಡೆಯಲ್ಲಿ ಹೂತುಹೋಗಿದೆ, ಅದರ ಮೇಲೆ ಚರ್ಮ ಉಬ್ಬಿ ನಿಂತಿದೆ. ನೀವು ನೋಡಿದರೆ "ಸ್ವಲ್ಪ ಬಿಗಿ ಇದೆ, ಶನಿವಾರ ಕುಮಾರ ಪರ್ವತದಲ್ಲಿ ನಡೀತಾ ನಡೀತಾ ಸಡಿಲ ಆಗುತ್ತೆ ಅಲ್ವಾ" ಅಂತ ಕೇಳಿದ್ದೀರಿ. ಕೆಳಗೆ ಮೂರು ಜನ "ಬಿಗಿ ಇದ್ದಷ್ಟೂ ಸಪೋರ್ಟ್" ಅಂತ ಬೇರೆ ಬರೆದಿದ್ದಾರೆ. ಆಗಲ್ಲ ಸರ್. ಅದು ಸಡಿಲ ಆಗುವ ಮೊದಲು ನಿಮ್ಮ ಕಾಲು ಊದಿಕೊಳ್ಳುತ್ತದೆ.

ಇದೇ ಬೆಟ್ಟದಲ್ಲಿ ಇದೇ ತಪ್ಪು ಮಾಡಿದವನು ನಾನು. ಹೊರಡುವ ಹಿಂದಿನ ಸಂಜೆ ಮೆಡಿಕಲ್ ಸ್ಟೋರಿಗೆ ಹೋಗಿ, ಷರ್ಟ್ ಎಂ ಅಲ್ವಾ, ಇದೂ ಎಂ ಇರಲಿ ಅಂತ ತಂದೆ. ಹತ್ತುವಾಗ ಏನೂ ಗೊತ್ತಾಗಲಿಲ್ಲ. ಎರಡು ಕಾಲಿಗೂ ಕಪ್ಪು ನೀಕ್ಯಾಪ್ ಹಾಕಿಕೊಂಡು ಹೀರೋ ಥರ ಫೋಟೋ ಕೂಡ ತೆಗೆಸಿಕೊಂಡೆ. ತುದಿಗೆ ಮೊದಲು ಸಿಗುವ ಶೇಷ ಪರ್ವತದಿಂದ ಇಳಿಯಲು ಶುರು ಮಾಡಿದ ಮೇಲೆ ಎಡಪಾದ ಜುಮ್ ಅನ್ನತೊಡಗಿತು. ಶೂ ಲೇಸ್ ಬಿಗಿ ಆಗಿರಬೇಕು ಅಂದುಕೊಂಡು ಎರಡು ಸಲ ಕೂತು ಸಡಿಲ ಮಾಡಿದೆ. ಮೂಲ ಮೇಲಿದೆ ಅಂತ ತಲೆಗೇ ಹೊಳೆಯಲಿಲ್ಲ. ದಾರಿ ಮಧ್ಯೆ ಚಾರಣಿಗರು ಊಟಕ್ಕೆ ನಿಲ್ಲುವ ಭಟ್ಟರ ಮನೆ ತಲುಪಿ ತೆಗೆದು ನೋಡಿದರೆ ಮೀನಖಂಡ ಊದಿದೆ, ಮಂಡಿಯ ಹಿಂದಿನ ಮಡಿಕೆಯಲ್ಲಿ ಚರ್ಮ ಸುಲಿದಿದೆ. ಅದರ ಜೊತೆಗೆ ಇನ್ನೊಂದು ಬುದ್ಧಿವಂತಿಕೆ ಮಾಡಿದ್ದೆ. ಬೆಳಿಗ್ಗೆ ನೋವಿನ ಮುಲಾಮು ಚೆನ್ನಾಗಿ ತಿಕ್ಕಿ ಅದರ ಮೇಲೆ ನೀಕ್ಯಾಪ್ ಏರಿಸಿದ್ದೆ. ಒಳಗೆ ಬಿಸಿ, ಬೆವರು, ಮುಲಾಮು ಎಲ್ಲ ಸೇರಿ ಉರಿ ಅಂದರೆ ಉರಿ. ಮುಲಾಮು ಹಚ್ಚುವುದಾದರೆ ರಾತ್ರಿ ತಂಗಿದಾಗ ಹಚ್ಚಿ, ಮೇಲೆ ಏನೂ ಸುತ್ತಬೇಡಿ. ಅಲ್ಲಿಂದ ಬೆಟ್ಟದ ಬುಡದ ಕುಕ್ಕೆವರೆಗಿನ ಕಾಡುದಾರಿಯನ್ನು ನಾನು ಒಂದು ಕೋಲು ಹಿಡಿದು ಏಡಿ ಥರ ಅಡ್ಡಡ್ಡ ಇಳಿದೆ.

ಆಮೇಲಿಂದ ನಾನು ಮಾಡುವುದು ಹೀಗೆ. ಟೇಲರ್ ಟೇಪು ತಗೊಳ್ಳಿ. ಅಳತೆ ಬೆಳಿಗ್ಗೆ ಬೇಡ, ಸಂಜೆ ಒಂದು ಗಂಟೆ ನಡೆದು ಬಂದ ಮೇಲೆ ತೆಗೆಯಿರಿ, ಆಗ ಕಾಲು ಸ್ವಲ್ಪ ದಪ್ಪ ಆಗಿರುತ್ತದೆ. ಬೆಟ್ಟದಲ್ಲೂ ಹಾಗೇ ಇರುವುದು. ಪ್ಯಾಂಟಿನ ಮೇಲೆ ಅಳೆಯಬೇಡಿ. ಎರಡೂ ಕಾಲು ಅಳೆಯಿರಿ, ನನ್ನವು ಒಂದಕ್ಕೊಂದು ಮುಕ್ಕಾಲು ಇಂಚು ವ್ಯತ್ಯಾಸ. ಎಲ್ಲಿ ಅಳೆಯಬೇಕು ಅನ್ನುವುದು ಡಬ್ಬದ ಹಿಂದೆ ಚಿತ್ರದಲ್ಲಿ ಇರುತ್ತದೆ, ಅದನ್ನು ದಯವಿಟ್ಟು ನೋಡಿ. ಕೆಲವರು ಮಂಡಿ ಚಿಪ್ಪಿನ ಮಧ್ಯದ ಸುತ್ತಳತೆ ಕೇಳುತ್ತಾರೆ, ಕೆಲವರು ಚಿಪ್ಪಿನಿಂದ ಕೆಲವು ಇಂಚು ಮೇಲೆ ತೊಡೆಯದ್ದು ಕೇಳುತ್ತಾರೆ. ಹಾಗಾಗಿ ಒಂದು ಕಂಪನಿಯ ಎಲ್ ಇನ್ನೊಂದರ ಎಲ್ ಅಲ್ಲ. ಅಳತೆ ಎರಡು ಸೈಜಿನ ಗಡಿಯಲ್ಲಿ ಬಂದರೆ ದೊಡ್ಡದು ತಗೊಳ್ಳಿ. ಆದರೆ ದೊಡ್ಡದು ಅಂತ ಜಾರುವಷ್ಟು ದೊಡ್ಡದೂ ಬೇಡ, ಜಾರಿ ಮಂಡಿಯ ಹಿಂದೆ ಮುದುಡಿಕೊಂಡರೆ ಅದೂ ಚರ್ಮ ಕೀಳುತ್ತದೆ.

ಹಾಕಿದ ಮೇಲೆ ಅಂಚಿನೊಳಗೆ ಎರಡು ಬೆರಳು ಹೋಗಬೇಕು. ಇಪ್ಪತ್ತು ನಿಮಿಷ ನಡೆದು ಕಾಲಿನ ಹೆಬ್ಬೆರಳ ಉಗುರು ಒತ್ತಿ ಬಿಡಿ. ಬಿಳಿಯಾದದ್ದು ಎರಡು ಸೆಕೆಂಡಿನಲ್ಲಿ ಮತ್ತೆ ಕೆಂಪಾಗಬೇಕು. ತೆಗೆದಾಗ ತೆಳು ಗುರುತು ಇದ್ದರೆ ಪರವಾಗಿಲ್ಲ, ಗಾಡಿ ಚಕ್ರದ ಹಾಗೆ ಹಳ್ಳ ಬಿದ್ದಿದ್ದರೆ ಅದು ನಿಮ್ಮದಲ್ಲ.

ಇಷ್ಟಾದ ಮೇಲೂ ನೇರ ಬೆಟ್ಟಕ್ಕೆ ಬೇಡ. ನಾನು ಮೈಸೂರಿನವನು, ಹೊಸದು ಏನೇ ತಂದರೂ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲಲ್ಲಿ ಪರೀಕ್ಷೆ. ಹತ್ತುವುದಲ್ಲ, ಇಳಿಯುವುದು ಮುಖ್ಯ. ತುದಿಯಿಂದ ನಂದಿವರೆಗೆ ಇಳಿಯುವಷ್ಟರಲ್ಲೇ ಎಲ್ಲಿ ಉಜ್ಜುತ್ತದೆ ಅಂತ ಗೊತ್ತಾಗುತ್ತದೆ. ನೀವು ಬೆಂಗಳೂರಿನವರು ಅಂತ ಕಾಣುತ್ತೆ, ಅಪಾರ್ಟ್‌ಮೆಂಟಿನ ಮೆಟ್ಟಿಲು ಸಾಕು, ಮೇಲೆ ಹೋಗಲು ಬೇಕಾದರೆ ಲಿಫ್ಟ್ ಹತ್ತಿ. ನಗಬೇಡಿ. ಮಂಡಿಗೆ ಬೇಕಾದ್ದು ಇಳಿಯುವ ಲೆಕ್ಕ. ಮುಳ್ಳಯ್ಯನಗಿರಿ ಕುಮಾರ ಪರ್ವತಕ್ಕಿಂತ ಎತ್ತರ, ಆದರೆ ಅಲ್ಲಿ ಗಾಡಿ ತುದಿಯ ಹತ್ತಿರದವರೆಗೂ ಹೋಗುತ್ತದೆ. ಕುಮಾರ ಪರ್ವತ 1,712 ಮೀಟರ್, ಕುಕ್ಕೆ ಸಮುದ್ರ ಮಟ್ಟದಿಂದ ನೂರು ಚಿಲ್ಲರೆ ಮೀಟರ್ ಅಷ್ಟೇ. ಹತ್ತಿದ 1,500 ಮೀಟರಿಗೂ ಜಾಸ್ತಿಯನ್ನು ಸುಸ್ತಾದ ಕಾಲಲ್ಲಿ ವಾಪಸ್ ಇಳಿಯಬೇಕು.

ಯಾವುದು ತಗೊಳ್ಳಬೇಕು ಅಂತ ಕೇಳಿದ್ದೀರಿ. ನಿಮ್ಮದು ಚಿಪ್ಪಿನ ಸುತ್ತ ಸಣ್ಣ ನೋವು ಅಂದಿದ್ದೀರಿ, ಅದಕ್ಕೆ ಚಿಪ್ಪಿನ ಜಾಗದಲ್ಲಿ ತೂತು ಇರುವ ಓಪನ್ ಪಟೆಲಾ, ವೆಲ್ಕ್ರೋ ಪಟ್ಟಿ ಇರುವುದು ಸಾಕು. ಪಟ್ಟಿ ಇದ್ದರೆ ಹತ್ತುವಾಗ ಸಡಿಲ, ಇಳಿಯುವಾಗ ಒಂದು ಚೂರು ಬಿಗಿ ಮಾಡಿಕೊಳ್ಳಬಹುದು. ನಾನೀಗ ಹಾಕುವುದು ಟೈನರ್ ಕಂಪನಿಯದ್ದು, ಹೆಂಡತಿ ಹತ್ತಿರ ವಿಸ್ಕೋ ಕಂಪನಿಯದ್ದು ಇದೆ, ಎರಡೂ ಚೆನ್ನಾಗಿವೆ. ಹೆಸರಿಲ್ಲದ ಆನ್‌ಲೈನ್ ಜೋಡಿ ಬೇಡ, ಸೈಜ್ ಚಾರ್ಟೇ ಇರಲ್ಲ. ಲೋಹದ ಕೀಲು ಇರುವ ದೊಡ್ಡ ಬ್ರೇಸ್ ಲಿಗಮೆಂಟ್ (ಮೂಳೆ ಮೂಳೆ ಹಿಡಿದಿಡುವ ಪಟ್ಟಿ) ಪೆಟ್ಟಾದವರಿಗೆ, ಡಾಕ್ಟರ್ ಹೇಳಿದರೆ ಮಾತ್ರ. ರಬ್ಬರಿನಂಥ ನಿಯೋಪ್ರೀನಿನದ್ದು ಬೆಚ್ಚಗಿರುತ್ತದೆ, ಆದರೆ ನಮ್ಮ ಘಟ್ಟದ ಸೆಕೆಗೆ ಬೆವರುಸಾಲೆ ಗ್ಯಾರಂಟಿ. ಬಟ್ಟೆಯ ಹೆಣಿಗೆಯದ್ದೇ ವಾಸಿ. ಮಳೆಗಾಲದಲ್ಲಿ ಕೂತಾಗಲೆಲ್ಲ ಅಂಚು ಮಡಚಿ ನೋಡಿ, ಇಂಬಳ ಒಳಗೆ ಸೇರಿಕೊಂಡರೆ ರಕ್ತ ಇಳಿಯುವವರೆಗೂ ಗೊತ್ತಾಗಲ್ಲ. ರಾತ್ರಿ ಮಲಗುವಾಗ ಬಿಚ್ಚಿಡಿ. ಒಗೆಯುವಾಗ ವೆಲ್ಕ್ರೋ ಮುಚ್ಚಿ ಕೈಯಲ್ಲಿ ಒಗೆದು ನೆರಳಲ್ಲಿ ಒಣಗಿಸಿ.

ಒಂದು ಮಾತು, ನೀಕ್ಯಾಪ್ ನಿಮ್ಮ ಭಾರ ಹೊರುವುದಿಲ್ಲ. ಮಂಡಿಗೆ ಬೆಚ್ಚಗೆ ಹಿಡಿದಂತೆ ಇರುತ್ತದೆ, ಸ್ವಲ್ಪ ಧೈರ್ಯ ಬರುತ್ತದೆ, ಅಷ್ಟೇ. ನಿಜವಾಗಿ ಭಾರ ಇಳಿಸುವುದು ಟ್ರೆಕ್ಕಿಂಗ್ ಪೋಲ್. ದುಡ್ಡು ಒಂದಕ್ಕೇ ಇದ್ದರೆ ನಾನು ಪೋಲಿಗೆ ಹಾಕುತ್ತೇನೆ. ಡೆಕಾಥ್ಲಾನಿನ ಸಾದಾ ಜೋಡಿ ಸಾಕು. ಇಳಿಯುವಾಗ ಐದು-ಹತ್ತು ಸೆಂಟಿಮೀಟರ್ ಉದ್ದ ಮಾಡಿ, ಮೊದಲು ಪೋಲ್ ಊರಿ ಆಮೇಲೆ ಕಾಲಿಡಿ. ಸೆಲ್ಫಿ ಸ್ಟಿಕ್ ಹಾಗೆ ಬಗಲಲ್ಲಿ ಇಟ್ಟುಕೊಂಡು ಓಡುವವರನ್ನು ನೋಡಿದರೆ ನನಗೆ ಮೈ ಉರಿಯುತ್ತದೆ. ಹೆಜ್ಜೆ ಚಿಕ್ಕದು, ಮಂಡಿ ಸ್ವಲ್ಪ ಬಾಗಿರಲಿ, ಬ್ಯಾಗಿನಿಂದ ಆ ಎರಡನೇ ಪವರ್ ಬ್ಯಾಂಕ್ ತೆಗೆಯಿರಿ.

ಮಂಡಿ ಸಿಕ್ಕಿಹಾಕಿಕೊಂಡ ಹಾಗೆ ಆಗುವುದು, ಇದ್ದಕ್ಕಿದ್ದಂತೆ ಕುಸಿಯುವುದು, ತಿರುಚಿದ ಕೆಲವೇ ಗಂಟೆಗಳಲ್ಲಿ ಊದುವುದು, ಇವೇನಾದರೂ ಇದ್ದರೆ ನಮ್ಮ ಗುಂಪನ್ನು ಕೇಳಬೇಡಿ, ಮೂಳೆ ಡಾಕ್ಟರ್ ಹತ್ತಿರ ಹೋಗಿ. ಶನಿವಾರದ ಬೆಟ್ಟ ಎಲ್ಲೂ ಓಡಿಹೋಗಲ್ಲ.

ಬಿಲ್ ಇಟ್ಟುಕೊಂಡಿದ್ದೀರಾ? ಹಾಕಿ ಬೆವರಾದದ್ದನ್ನು ಅಂಗಡಿಯವರು ವಾಪಸ್ ತಗೊಳ್ಳಲ್ಲ, ಅದಕ್ಕೇ ಇವತ್ತೇ ತೆಗೆದು ಡಬ್ಬಕ್ಕೆ ಹಾಕಿ. ಸಂಜೆ ಅಳತೆ ತೆಗೆದು ಎಷ್ಟು ಬಂತು ಅಂತ ಇಲ್ಲೇ ಬರೆಯಿರಿ, ಡಬ್ಬದ ಹಿಂಬದಿಯ ಫೋಟೋನೂ ಹಾಕಿ. ನಾನು ರಾತ್ರಿ ಊಟ ಆದ ಮೇಲೆ ನೋಡುತ್ತೇನೆ.