ಆಮ್‌ಸ್ಟರ್‌ಡ್ಯಾಂಗೆ ಹೋದ್ರೆ ನೀರಿನ ಮಟ್ಟ ನೋಡಿ ಬನ್ನಿ

ಪ್ರಶ್ನೆ: ಮಗ ಆಮ್‌ಸ್ಟರ್‌ಡ್ಯಾಂ ಪಕ್ಕದ ಆಮ್‌ಸ್ಟೆಲ್‌ವೀನ್‌ನಲ್ಲಿ ಕೆಲಸದಲ್ಲಿದಾನೆ, ಏಪ್ರಿಲ್ ಕೊನೆಗೆ ನಾವಿಬ್ರೂ ಆಮ್‌ಸ್ಟರ್‌ಡ್ಯಾಂ ನೋಡೋಕೆ ಹೊರಟಿದೀವಿ. ಊರೆಲ್ಲ ಕೆಸರಿನ ಮೇಲೆ ಕಟ್ಟಿದ್ದು, ಮನೆಗಳು ವಾಲ್ಕೊಂಡಿವೆ ಅಂತ ಕೇಳಿ ನಮ್ಮೆಜಮಾನ್ರಿಗೆ ಭಯ. ಅವರಿಗೆ ಮಂಡಿ ನೋವು ಬೇರೆ. ಬೋಟ್‌ನಲ್ಲಿ ಒಂದು ಸುತ್ತು ಹಾಕಿದ್ರೆ ಸಾಕಾ?
— ಓದುಗರು, ಡೊಂಬಿವಲಿ

ಉತ್ತರ: ಭಯ ಬೇಡ ಅಕ್ಕ. ಬೋಟ್ ಸುತ್ತು ಖಂಡಿತ ಮಾಡಿ, ಆದ್ರೆ ಅಷ್ಟಕ್ಕೇ ನಿಲ್ಲಿಸ್ಬೇಡಿ.

ಆ ಊರಿನ ಅಡಿಪಾಯ ಮರದ ಕಂಬಗಳು. ಮೇಲಿನ ಮೆತ್ತನೆ ಮಣ್ಣು ಭಾರ ಹೊರಲ್ಲ ಅಂತ ಸುಮಾರು 12 ಮೀಟರ್ ಆಳದ ಮರಳು ಸಿಗೋ ತನಕ ಕಂಬ ಇಳಿಸಿ ಅದರ ಮೇಲೆ ಮನೆ ಕಟ್ಟಿದಾರೆ, ಡ್ಯಾಂ ಚೌಕದ ಅರಮನೆ ಒಂದಕ್ಕೇ 13,659 ಕಂಬ ಅಂತ ಲೆಕ್ಕ ಹೇಳ್ತಾರೆ! ಕಂಬ ನೀರಲ್ಲಿ ಮುಳುಗೇ ಇದ್ರೆ ಗಾಳಿ ತಾಗಲ್ಲ, ಶತಮಾನಗಟ್ಟಲೆ ಬಾಳತ್ತೆ, ನೀರು ಇಳಿದು ಗಾಳಿ ತಾಗ್ತೋ ಕೊಳೆಯೋಕೆ ಶುರು. ಪಕ್ಕಕ್ಕೆ ವಾಲಿರೋ ಮನೆಗಳು ಹೆಚ್ಚಾಗಿ ಬುಡ ಕುಸಿದಿದ್ರಿಂದ ಹಾಗಾಗಿರೋದು. ಮುಂದಕ್ಕೆ ಬಾಗಿರೋದನ್ನ ಮಾತ್ರ ಬೇಕಂತಲೇ ಹಾಗೆ ಕಟ್ಟಿದ್ದು, ಮೇಲ್ಗಡೆ ಒಂದು ಕೊಕ್ಕೆ ಕಾಣತ್ತೆ ನೋಡಿ, ಅದಕ್ಕೆ ಹಗ್ಗ ಕಟ್ಟಿ ಸಾಮಾನು ಎಳೆಯುವಾಗ ಗೋಡೆಗೆ ಬಡೀಬಾರ್ದು ಅಂತ.

ಹಾಗಾಗಿ ಅಲ್ಲಿ ನೀರು ಏರಲೂಬಾರದು, ಇಳೀಲೂಬಾರದು. ವಾಟರ್‌ಲೂಪ್ಲೇನ್ ಮೆಟ್ರೋ ಹತ್ರ ಸ್ಟೋಪೇರಾ ಅಂತ ಸಿಟಿ ಹಾಲ್ ಇದೆ, ಒಳಗೆ ಮೂರು ಗಾಜಿನ ಕೊಳವೆ. ಎರಡರಲ್ಲಿ ಈಗ ಸಮುದ್ರ ಎಷ್ಟಿದೆ ಅಂತ ಕಾಣತ್ತೆ, ಮೂರನೇದರಲ್ಲಿ 1953ರಲ್ಲಿ ಆ ದೇಶದ ನೈಋತ್ಯ ಕರಾವಳಿ ಮುಳುಗಿಸಿದ ಪ್ರವಾಹದ ನೀರಿನ ಮಟ್ಟ, ಸುಮಾರು ನಾಲ್ಕೂವರೆ ಮೀಟರ್. ಕತ್ತೆತ್ತಿ ನೋಡ್ತಾ ನಿಂತಾಗ ನಂಗೆ 2005ರ ಜುಲೈ 26 ಕಣ್ಮುಂದೆ ಬಂತು, ನಮ್ಮ ಮುಂಬೈನ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ. ಮಿಠಿ ನದಿ ಪಕ್ಕದ ಜೌಗಿಗೆ ಮಣ್ಣು ತುಂಬಿ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್ ಎಬ್ಬಿಸಿದ್ವಲ್ಲ, ನೀರು ಎಲ್ಲಿಗೆ ಹೋಗ್ಬೇಕು ಹೇಳಿ? ನಮ್ಮ ವಾರ್ಡ್ ಆಫೀಸಲ್ಲೂ ಇಂಥ ಒಂದು ಕೊಳವೆ ಇರ್ಬೇಕು ಅಂತ ನಂಗೆ ನಿಜವಾಗ್ಲೂ ಆಸೆ.

ನೀವು ವಿಮಾನ ಇಳಿಯೋ ಸ್ಕಿಪೋಲ್ ಕೂಡ ಒಂದು ಕಾಲಕ್ಕೆ ಕೆರೆ! ಹಾರ್ಲೆಮರ್‌ಮೇರ್ ಅಂತ ಹೆಸರು, 1849ರಿಂದ 1852ರವರೆಗೆ ಮೂರು ಸ್ಟೀಮ್ ಪಂಪ್ ಹಾಕಿ ಬತ್ತಿಸಿದ್ರು. ಅದರಲ್ಲಿ ಒಂದು, ಕ್ರೂಕಿಯಸ್, ಈಗ ಮ್ಯೂಸಿಯಂ, ಮಗನಿಗೆ ಹೇಳಿ ಕರ್ಕೊಂಡು ಹೋಗ್ತಾನೆ.

ಎಜಮಾನ್ರ ಮಂಡಿ ವಿಷಯಕ್ಕೆ ಬಂದ್ರೆ, ಹಳೇ ಮನೆಗಳ ಮೆಟ್ಟಿಲು ಏಣಿ ಥರ ಕಡಿದು, ನಾನು ಇಳ್ಕೊಂಡಿದ್ದ ಕಡೆ ಹಿಡ್ಕೊಳೋಕೆ ಹಗ್ಗ ಕಟ್ಟಿದ್ರು. ಒಂದೆರಡು ರಾತ್ರಿ ಊರೊಳಗೇ ಉಳಿಯೋದಾದ್ರೆ ಲಿಫ್ಟ್ ಇದೆಯಾ ಕೇಳಿಯೇ ರೂಮ್ ಬುಕ್ ಮಾಡಿ. ಕೆಂಪು ದಾರಿ ಸೈಕಲ್‌ನವರದು, ಫೋಟೋ ತೆಗೀತಾ ಅದರ ಮೇಲೆ ನಿಲ್ಬೇಡಿ. ಏಪ್ರಿಲ್ 27 ರಾಜನ ಹುಟ್ಟುಹಬ್ಬ, ಊರು ತುಂಬಾ ಜನಜಾತ್ರೆ, ಆವತ್ತು ಮಗನ ಮನೇಲೇ ಇದ್ದು ಮಾರನೇ ದಿನ ಹೊರಡಿ.