ಸಂಗಾತಿಯ ವೀಸಾ ಬೇಗ ಆಗಬೇಕು: ಎಕ್ಸ್‌ಪಿಡೈಟ್ ಅರ್ಜಿ ಎಲ್ಲಿ ಬಿದ್ದುಹೋಗುತ್ತದೆ?

ಪ್ರಶ್ನೆ: ನಾನು ಅಮೆರಿಕದ ಪ್ರಜೆ. ಹೆಂಡತಿ ಭಾರತದಲ್ಲಿದ್ದಾಳೆ. ಅವಳಿಗಾಗಿ ಐ-130 ಎಂಬ ಕುಟುಂಬ ವಲಸೆ ಅರ್ಜಿ ಹಾಕಿ ಹತ್ತು ತಿಂಗಳಾಯಿತು, ಇನ್ನೂ ಯುಎಸ್‌ಸಿಐಎಸ್ ಎಂಬ ಅಮೆರಿಕದ ವಲಸೆ ಇಲಾಖೆಯಲ್ಲೇ ಇದೆ. ಈಗ ನನಗೆ ಬೆನ್ನುಮೂಳೆಯ ಆಪರೇಷನ್ ಆಗಬೇಕೆಂದು ಡಾಕ್ಟರ್ ಹೇಳಿದ್ದಾರೆ. ಮೊದಲ ಮದುವೆಯ ಆರು ವರ್ಷದ ಮಗಳು ನನ್ನ ಜೊತೆಗಿದ್ದಾಳೆ. ಅವಳನ್ನು ನೋಡಿಕೊಳ್ಳಲು ಇಲ್ಲಿ ಬೇರೆ ಯಾರೂ ಇಲ್ಲ. ಡಾಕ್ಟರ ಪತ್ರ ಕೊಟ್ಟು ಎಕ್ಸ್‌ಪಿಡೈಟ್ ಕೇಳಿದೆ, ಅಂದರೆ ಸರದಿಗೆ ಮೊದಲೇ ತೀರ್ಮಾನಿಸಿ ಎಂದು ಕೋರಿದೆ. ಆಗುವುದಿಲ್ಲ ಎಂದು ಎರಡು ಸಾಲಿನ ಉತ್ತರ ಬಂತು. ಇನ್ನು ದಾರಿಯೇ ಇಲ್ಲವೇ? ಹೆಚ್ಚು ಹಣ ಕಟ್ಟಿದರೆ ಬೇಗ ಮಾಡಿಕೊಡುತ್ತಾರೆಯೇ?

ಉತ್ತರ: ಹಣದ ಮಾತು ಮೊದಲು ಮುಗಿಸೋಣ. ಶುಲ್ಕ ಕಟ್ಟಿ ಬೇಗ ತೀರ್ಮಾನ ಪಡೆಯುವ ಪ್ರೀಮಿಯಂ ಪ್ರೊಸೆಸಿಂಗ್ ಉದ್ಯೋಗಕ್ಕೆ ಸಂಬಂಧಿಸಿದವು ಮೊದಲಾದ ಕೆಲವು ಅರ್ಜಿಗಳಿಗೆ ಮಾತ್ರ ಇದೆ. ಐ-130ಕ್ಕೆ ಇಲ್ಲ. ಎಕ್ಸ್‌ಪಿಡೈಟ್ ಕೇಳುವುದಕ್ಕೂ ಪ್ರತ್ಯೇಕ ಶುಲ್ಕವಿಲ್ಲ. ಕಾನ್ಸುಲೇಟಿನಲ್ಲಿ ನಮ್ಮವರಿದ್ದಾರೆ, ಇಷ್ಟು ಕೊಡಿ ಎನ್ನುವ ಏಜೆಂಟ್ ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ.

ಒಮ್ಮೆ ಇಲ್ಲ ಅಂದರೆ ದಾರಿ ಮುಚ್ಚಿತು ಎಂದಲ್ಲ. ಎಕ್ಸ್‌ಪಿಡೈಟ್ ನಿರಾಕರಣೆಗೆ ಮೇಲ್ಮನವಿ ಇಲ್ಲ ನಿಜ, ಆದರೆ ಪರಿಸ್ಥಿತಿ ಬದಲಾದಾಗ ಅಥವಾ ಹೊಸ ದಾಖಲೆ ಸಿಕ್ಕಾಗ ಮತ್ತೆ ಕೇಳಬಹುದು. ಮೂಲ ಐ-130ಕ್ಕೆ ಇದರಿಂದ ಏನೂ ಧಕ್ಕೆಯಿಲ್ಲ, ಅದು ತನ್ನ ಸರದಿಯಲ್ಲೇ ಇರುತ್ತದೆ. ಆದರೆ ಅದೇ ಪತ್ರವನ್ನು ಮತ್ತೆ ಕಳಿಸಿದರೆ ಅದೇ ಉತ್ತರ ಬರುತ್ತದೆ.

ಯುಎಸ್‌ಸಿಐಎಸ್ ಒಪ್ಪುವ ಕಾರಣಗಳು ಐದು: ವ್ಯಕ್ತಿಗೋ ಸಂಸ್ಥೆಗೋ ತೀವ್ರ ಹಣಕಾಸಿನ ನಷ್ಟ, ತುರ್ತು ಅಥವಾ ಮಾನವೀಯ ಸಂಕಟ, ಲಾಭೋದ್ದೇಶವಿಲ್ಲದ ಸಂಸ್ಥೆಯ ಮೂಲಕ ಸಾಧಿತವಾಗುವ ಅಮೆರಿಕದ ಸಾಮಾಜಿಕ ಅಥವಾ ಸಾಂಸ್ಕೃತಿಕ ಹಿತ, ಸರ್ಕಾರದ ಹಿತಾಸಕ್ತಿ, ಇಲಾಖೆಯದೇ ಸ್ಪಷ್ಟ ತಪ್ಪು. ನಿಮ್ಮದು ಎರಡನೆಯದು. ಗಂಡ ಹೆಂಡತಿ ದೂರವಿದ್ದೇವೆ ಎನ್ನುವುದೊಂದೇ ಇಲ್ಲಿ ಸಾಲದು. ಐ-130 ಹಾಕಿ ಕಾಯುತ್ತಿರುವ ಹೆಚ್ಚಿನ ದಂಪತಿಗಳದೂ ಅದೇ ಕಷ್ಟ. ನಿಮ್ಮನ್ನು ಆ ಸಾಲಿನಿಂದ ಮುಂದಕ್ಕೆ ತರಲು ಅಧಿಕಾರಿಗೆ ಕಾಗದದ ಮೇಲೆ ಕಾರಣ ಬೇಕು. ಆ ಕಾರಣ ನಿಮ್ಮ ವಿಳಂಬದಿಂದ ಹುಟ್ಟಿದ್ದೂ ಆಗಿರಬಾರದು. ಇಲಾಖೆ ಕೇಳಿದ ದಾಖಲೆಗೆ ನೀವೇ ತಿಂಗಳುಗಟ್ಟಲೆ ಉತ್ತರಿಸದೆ ಆಮೇಲೆ ತುರ್ತು ಎಂದರೆ ಅದು ನಿಲ್ಲುವುದಿಲ್ಲ.

ಸಾಮಾನ್ಯವಾಗಿ ಎಡವುವುದು ವೈದ್ಯರ ಪತ್ರದಲ್ಲಿ. ಬಹಳಷ್ಟು ಪತ್ರಗಳು ಹೀಗಿರುತ್ತವೆ: "ಇವರಿಗೆ ಬೆನ್ನುಮೂಳೆಯ ಶಸ್ತ್ರಚಿಕಿತ್ಸೆ ಆಗಲಿದೆ. ಈ ಸಮಯದಲ್ಲಿ ಪತ್ನಿ ಜೊತೆಗಿದ್ದರೆ ಅನುಕೂಲ." ಇದನ್ನು ಓದುವ ಅಧಿಕಾರಿಗೆ ದಿನಾಂಕ ಸಿಗುವುದಿಲ್ಲ, ತೀವ್ರತೆ ತಿಳಿಯುವುದಿಲ್ಲ. "ಅನುಕೂಲ" ಎಂಬ ಪದವಂತೂ ನಿಮ್ಮ ವಿರುದ್ಧವೇ ಕೆಲಸ ಮಾಡುತ್ತದೆ, ಅನುಕೂಲ ತುರ್ತಲ್ಲ. ಬೇಕಾದ ಪತ್ರ ಹೀಗೆ ಸಾಗಬೇಕು: ರೋಗ ಇಂಥದು, ಶಸ್ತ್ರಚಿಕಿತ್ಸೆ ಇಂಥ ದಿನಾಂಕಕ್ಕೆ ನಿಗದಿಯಾಗಿದೆ, ಮುಂದೂಡಿದರೆ ಕಾಲಿನ ಬಲ ಹೋಗುವ ಅಪಾಯವಿದೆ, ಆಸ್ಪತ್ರೆಯಲ್ಲಿ ಇಷ್ಟು ದಿನ, ಮನೆಗೆ ಬಂದ ಮೇಲೆ ಆರು ವಾರ ಹತ್ತು ಪೌಂಡಿಗಿಂತ ಹೆಚ್ಚು ತೂಕ ಎತ್ತುವಂತಿಲ್ಲ, ಕಾರು ಓಡಿಸುವಂತಿಲ್ಲ, ಹಗಲೂ ರಾತ್ರಿ ಒಬ್ಬ ವಯಸ್ಕರು ಜೊತೆಗಿರಲೇಬೇಕು. ಈ ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮ ಸ್ಥಿತಿಗೆ ತಕ್ಕವನ್ನು ನಿಮ್ಮ ಡಾಕ್ಟರೇ ಬರೆಯಬೇಕು. ಪತ್ರ ಆಸ್ಪತ್ರೆಯ ಲೆಟರ್‌ಹೆಡ್‌ನಲ್ಲಿರಲಿ. ಇತ್ತೀಚಿನ ದಿನಾಂಕ, ಸಹಿ, ಫೋನ್ ಮತ್ತು ಇಮೇಲ್ ಇರಲಿ. ವೀಸಾ ಕೊಡಬೇಕೆಂದು ಡಾಕ್ಟರಿಂದ ಬರೆಸಬೇಡಿ. ಅದು ಅವರ ಕ್ಷೇತ್ರವಲ್ಲ, ಪತ್ರದ ತೂಕವೂ ಕಡಿಮೆಯಾಗುತ್ತದೆ.

ಅಷ್ಟಾದರೂ ಅರ್ಧ ಕೆಲಸವೇ ಆಗಿರುವುದು. "ಬೇರೆ ಯಾರೂ ಇಲ್ಲ" ಎನ್ನುವುದನ್ನು ವೈದ್ಯರು ಹೇಳಲಾರರು, ನೀವೇ ತೋರಿಸಬೇಕು. ಮಗಳ ಜನನ ಪ್ರಮಾಣಪತ್ರ, ಆಕೆ ನಿಮ್ಮ ಜೊತೆಗೇ ಇರುತ್ತಾಳೆ ಎನ್ನುವ ಕಸ್ಟಡಿ ಆದೇಶ, ಶಾಲೆಗೆ ಬಿಡುವವರೂ ಕರೆತರುವವರೂ ನೀವೇ ಎನ್ನುವ ಶಾಲೆಯ ಪತ್ರ ಇಡಿ. ತಂದೆ ತಾಯಿ, ಅಣ್ಣ ತಂಗಿಯರು ಎಲ್ಲಿದ್ದಾರೆ, ಯಾಕೆ ಬರಲಾಗದು ಎಂದು ಒಬ್ಬೊಬ್ಬರ ಬಗ್ಗೆ ಒಂದು ಸಾಲು ಬರೆಯಿರಿ. ಸಂಬಳವಿಲ್ಲದ ರಜೆಯಾದರೆ ಕಂಪನಿಯ ಎಚ್‌ಆರ್ ಪತ್ರ ಸೇರಿಸಿ. ಇವಕ್ಕೆಲ್ಲ ಮೇಲೆ ಒಂದು ಪುಟದ ಕವರ್ ಲೆಟರ್ ಇರಲಿ. ಮೊದಲ ಸಾಲಿನಲ್ಲೇ ರಸೀದಿ ಸಂಖ್ಯೆ (ಮೂರು ಅಕ್ಷರ, ಹತ್ತು ಅಂಕಿ), ಎರಡನೇ ಸಾಲಿನಲ್ಲಿ ಯಾವ ಕಾರಣದಡಿ ಕೇಳುತ್ತಿದ್ದೀರಿ, ಮೂರನೆಯದರಲ್ಲಿ ಆಪರೇಷನ್ ದಿನಾಂಕ. ಪ್ರೇಮಕಥೆ, ಮದುವೆಯ ಫೋಟೋ ಇಲ್ಲಿ ಬೇಡ. ಅವುಗಳ ಜಾಗ ಐ-130ರ ಕಡತ.

ಮನವಿಯನ್ನು ಯುಎಸ್‌ಸಿಐಎಸ್ ಕಾಂಟ್ಯಾಕ್ಟ್ ಸೆಂಟರಿಗೆ ಫೋನ್ ಮಾಡಿಯೋ ಆನ್‌ಲೈನ್ ಖಾತೆಯ ಸುರಕ್ಷಿತ ಸಂದೇಶದ ಮೂಲಕವೋ ಸಲ್ಲಿಸಬಹುದು. ಅರ್ಜಿ ನಿಮ್ಮದಾದ್ದರಿಂದ ಕೇಳಬೇಕಾದವರು ನೀವು ಅಥವಾ ನಿಮ್ಮ ವಕೀಲರು, ಹೆಂಡತಿಯಲ್ಲ. ಫೋನಿನಲ್ಲಿ ಕೇಳಿದರೆ ಸರ್ವಿಸ್ ರಿಕ್ವೆಸ್ಟ್ ಸಂಖ್ಯೆ ಬರೆದುಕೊಳ್ಳಿ. ದಾಖಲೆ ಕೇಳಿದರೆ ಕೊಟ್ಟ ಗಡುವಿನೊಳಗೆ ಎಲ್ಲವನ್ನೂ ಒಂದೇ ಸಲ ಕಳಿಸಿ.

ನಿರೀಕ್ಷೆಯ ಬಗ್ಗೆ ಒಂದು ಮಾತು. ಆಪರೇಷನ್ ಮುಂದಿನ ತಿಂಗಳಿದ್ದರೆ ಆ ದಿನಕ್ಕೆ ಹೆಂಡತಿ ಪಕ್ಕದಲ್ಲಿರುವುದು, ಎಕ್ಸ್‌ಪಿಡೈಟ್ ಒಪ್ಪಿದರೂ ಕಷ್ಟ. ಯಾಕೆಂದರೆ ಯುಎಸ್‌ಸಿಐಎಸ್ ಒಪ್ಪಿಗೆಯಾದ ಮೇಲೆ ಕಡತ ನ್ಯಾಷನಲ್ ವೀಸಾ ಸೆಂಟರಿಗೆ, ಅಂದರೆ ಎನ್‌ವಿಸಿಗೆ, ಅಲ್ಲಿಂದ ಕಾನ್ಸುಲೇಟಿಗೆ ಹೋಗಬೇಕು. ಹಾಗಾಗಿ ಚೇತರಿಕೆಯ ಅವಧಿಗೇ ಒತ್ತು ಕೊಡಿ. ಒಂದು ದಿನದ ಆಪರೇಷನ್‌ಗಿಂತ ಆಮೇಲಿನ ವಾರಗಳ ಅಸಹಾಯಕತೆಯೇ ನಿಮ್ಮ ಗಟ್ಟಿ ಕಾರಣ.

ಯುಎಸ್‌ಸಿಐಎಸ್ ಕೊಟ್ಟ ಎಕ್ಸ್‌ಪಿಡೈಟ್ ಐ-130ಕ್ಕೆ ಮಾತ್ರ. ಎನ್‌ವಿಸಿ ವಿದೇಶಾಂಗ ಇಲಾಖೆಯದು, ಅಲ್ಲಿನ ಸರದಿ ಬೇರೆ, ಅಲ್ಲಿ ಮತ್ತೆ ಹೊಸದಾಗಿ ಕೇಳಬೇಕು. ಇದು ಗೊತ್ತಿಲ್ಲದೆ ಒಪ್ಪಿಗೆ ಸಿಕ್ಕಿತೆಂದು ಸುಮ್ಮನೆ ಕೂತವರ ತಿಂಗಳುಗಳು ಹಾಳಾಗುತ್ತವೆ. ಎನ್‌ವಿಸಿಯ ಅಳತೆಗೋಲು ಇನ್ನೂ ಬಿಗಿ: ಜೀವನ್ಮರಣದ ವೈದ್ಯಕೀಯ ತುರ್ತು ಎಂದು ವೈದ್ಯರು ಸ್ಪಷ್ಟವಾಗಿ ಬರೆದು ತಮ್ಮ ಸಂಪರ್ಕ ವಿವರ ಕೊಟ್ಟ ಪತ್ರವನ್ನು ಅದು ಕೇಳುತ್ತದೆ. ಮನವಿಯನ್ನು ಕಾನ್ಸುಲೇಟಿಗೆ ದಾಟಿಸುತ್ತದೆ, ತೀರ್ಮಾನ ಅಲ್ಲಿಯದು. ಭಾರತದಲ್ಲಿರುವವರ ಇಮಿಗ್ರೆಂಟ್ ವೀಸಾ ಸಂದರ್ಶನ ಸಾಮಾನ್ಯವಾಗಿ ಮುಂಬಯಿಯಲ್ಲಿ ನಡೆಯುತ್ತದೆ, ಅಂಥ ಕೇಸ್ ನಂಬರ್ ಬಿಎಂಬಿ ಎಂಬ ಅಕ್ಷರಗಳಿಂದ ಶುರುವಾಗುತ್ತದೆ. ನಿಮ್ಮ ಆಪರೇಷನ್ ಜೀವಕ್ಕೆ ಅಪಾಯವಿರುವಂಥದ್ದಲ್ಲದಿದ್ದರೆ ಇಲ್ಲಿ ಎಕ್ಸ್‌ಪಿಡೈಟ್ ಸಿಗುತ್ತದೆಂದು ನೆಚ್ಚಿ ಕೂರಬೇಡಿ. ಬದಲಿಗೆ ಎನ್‌ವಿಸಿಯಲ್ಲಿ ಒಂದು ದಿನವೂ ನಿಮ್ಮ ಕಡೆಯಿಂದ ವ್ಯರ್ಥವಾಗದಂತೆ ನೋಡಿಕೊಳ್ಳಿ. ನಿಮ್ಮ ಕೈಯಲ್ಲಿ ನಿಜಕ್ಕೂ ಇರುವುದು ಆ ವೇಗ ಮಾತ್ರ.

ಅಂದರೆ ಐ-130 ಒಪ್ಪಿಗೆಗೆ ಕಾಯದೆ ಈಗಲೇ ಕಾಗದ ಜೋಡಿಸಿ. ಎನ್‌ವಿಸಿ ಪತ್ರ ಬಂದ ದಿನವೇ 120 ಡಾಲರ್ ಅಫಿಡವಿಟ್ ಆಫ್ ಸಪೋರ್ಟ್ (ಹೆಂಡತಿಯ ಖರ್ಚಿನ ಹೊಣೆ ನನ್ನದು ಎಂಬ ಪತ್ರ) ಶುಲ್ಕ ಮತ್ತು 325 ಡಾಲರ್ ವೀಸಾ ಶುಲ್ಕ ಕಟ್ಟಿ. ಹಣ ಜಮೆಯಾಗಲು ಕೆಲವು ದಿನ ಬೇಕು, ಆಮೇಲಷ್ಟೇ ಡಿಎಸ್-260 ಎಂಬ ಇಮಿಗ್ರೆಂಟ್ ವೀಸಾ ಅರ್ಜಿ ತುಂಬಲು ಬಿಡುತ್ತದೆ. ಹೆಂಡತಿಯ ಪೊಲೀಸ್ ಕ್ಲಿಯರೆನ್ಸ್ ಪಾಸ್‌ಪೋರ್ಟ್ ಕಚೇರಿಯಿಂದಲೇ ಆಗಬೇಕು, ಠಾಣೆಯ ಪತ್ರ ನಡೆಯುವುದಿಲ್ಲ. ಮದುವೆಯ ನೋಂದಣಿ ಪ್ರಮಾಣಪತ್ರ ಬೇಕು, ಕಲ್ಯಾಣ ಮಂಟಪದ ರಸೀದಿ, ಲಗ್ನಪತ್ರಿಕೆ ಅದರ ಬದಲಿಗೆ ಆಗವು. ನಿಮ್ಮದು ಎರಡನೇ ಮದುವೆಯಾದ್ದರಿಂದ ಮೊದಲಿನ ಮದುವೆ ಮುಗಿದ ಅಂತಿಮ ಡಿಕ್ರಿಯೂ ಸೇರಬೇಕು.

ನಮ್ಮ ಕಡೆಯವರನ್ನು ಹೆಚ್ಚು ಕಾಡುವುದು ಇನಿಷಿಯಲ್. ಜನನ ಪ್ರಮಾಣಪತ್ರದಲ್ಲಿ ಬರೀ "ಸುಮ", ಎಸ್ಎಸ್ಎಲ್‌ಸಿ ಅಂಕಪಟ್ಟಿಯಲ್ಲಿ "ಸುಮ ಕೆ. ಆರ್.", ಪಾಸ್‌ಪೋರ್ಟಿನಲ್ಲಿ ಊರಿನ ಹೆಸರೂ ಅಪ್ಪನ ಹೆಸರೂ ಪೂರ್ತಿ ಬಿಡಿಸಿ ಬರೆದಿರುತ್ತದೆ. ಮೂವರೂ ಒಬ್ಬರೇ ಎಂದು ಓದುವವರಿಗೆ ಹೇಗೆ ಗೊತ್ತಾಗಬೇಕು? ಎಲ್ಲ ರೂಪಗಳನ್ನೂ ಡಿಎಸ್-260ರ ಇತರ ಹೆಸರುಗಳ ಜಾಗದಲ್ಲಿ ಬರೆಯಿರಿ, ಇವೆಲ್ಲ ಒಬ್ಬರದೇ ಹೆಸರೆಂಬ ಅಫಿಡವಿಟ್ ಇಡಿ. ಜನನ ಪ್ರಮಾಣಪತ್ರವೇ ಸಿಗದಿದ್ದರೆ ನೋಂದಣಿ ಕಚೇರಿಯಿಂದ ಅಲಭ್ಯತಾ ಪತ್ರ ಪಡೆದು, ಶಾಲಾ ದಾಖಲೆ ಮತ್ತು ಹಿರಿಯ ಸಂಬಂಧಿಗಳ ಅಫಿಡವಿಟ್ ಸೇರಿಸಿ. ಕನ್ನಡದಲ್ಲಿ ಮಾತ್ರ ಇರುವ ಹಳೆಯ ದಾಖಲೆಗೆ ಇಂಗ್ಲಿಷ್ ಅನುವಾದ ಬೇಕು. ಅನುವಾದ ಪೂರ್ಣ ಮತ್ತು ಸರಿಯಾಗಿದೆ, ಎರಡೂ ಭಾಷೆ ನನಗೆ ಬರುತ್ತದೆ ಎಂದು ಅನುವಾದಕರು ಸಹಿ ಹಾಕಿರಬೇಕು. ಇಷ್ಟು ಸಣ್ಣ ಕೊರತೆಗೂ ಎನ್‌ವಿಸಿ ಕಡತ ಹಿಂದಿರುಗಿಸುತ್ತದೆ, ಸರಿಪಡಿಸಿ ಕಳಿಸಿದ್ದನ್ನು ನೋಡಲು ಮತ್ತೆ ಕಾಯಿಸುತ್ತದೆ.

ನಿಮ್ಮ ವಿಷಯದಲ್ಲಿ ಇನ್ನೊಂದು ತೊಡಕು ಕಾಣುತ್ತದೆ. ಎಕ್ಸ್‌ಪಿಡೈಟ್ ಪತ್ರದಲ್ಲಿ ಆದಾಯ ನಿಲ್ಲುತ್ತದೆ ಎನ್ನುತ್ತೀರಿ, ಐ-864ರಲ್ಲಿ, ಅಂದರೆ ಅಫಿಡವಿಟ್ ಆಫ್ ಸಪೋರ್ಟ್‌ನಲ್ಲಿ, ಆದಾಯ ಸಾಕಷ್ಟಿದೆ ಎಂದು ತೋರಿಸಬೇಕು. ಬಡತನ ರೇಖೆಯ 125% ಬೇಕು. 2025ರ ಪಟ್ಟಿಯಂತೆ 48 ರಾಜ್ಯಗಳಲ್ಲಿ ಇಬ್ಬರ ಕುಟುಂಬಕ್ಕೇ ಅದು 26,437 ಡಾಲರ್ ಇತ್ತು, ನೀವು ಮಗಳೂ ಸೇರಿ ಮೂವರು. ಆದಾಯ ಕಡಿಮೆಯಾಗುವ ಸಾಧ್ಯತೆಯಿದ್ದರೆ ನಿಮ್ಮ ಜೊತೆ ಆ ಹೊಣೆ ಹೊರುವ ಜಾಯಿಂಟ್ ಸ್ಪಾನ್ಸರ್ ಒಬ್ಬರನ್ನು ಈಗಲೇ ಒಪ್ಪಿಸಿಡಿ. ಅವರು ಅಮೆರಿಕದಲ್ಲೇ ನೆಲೆಸಿದ ಪ್ರಜೆಯೋ ಗ್ರೀನ್ ಕಾರ್ಡ್‌ದಾರರೋ ಆಗಿದ್ದು 18 ತುಂಬಿರಬೇಕು. ರಕ್ತಸಂಬಂಧಿಯೇ ಆಗಬೇಕಿಲ್ಲ.

ಎರಡನೇ ಮನವಿಯೂ ಬಿದ್ದರೆ ನಿಮ್ಮ ಕ್ಷೇತ್ರದ ಸಂಸದರ ಕಚೇರಿಗೆ ಹೋಗಿ. ಹೌಸ್ ಪ್ರತಿನಿಧಿ ಒಬ್ಬರು, ಸೆನೆಟರ್ ಇಬ್ಬರು ನಿಮಗಿದ್ದಾರೆ. ಮೂವರಿಗೂ ಒಟ್ಟಿಗೆ ಬರೆಯಬೇಡಿ, ಒಬ್ಬರನ್ನು ಆರಿಸಿಕೊಳ್ಳಿ. ನಿಮ್ಮ ಕಡತದ ಮಾಹಿತಿ ಪಡೆಯಲು ಒಪ್ಪಿಗೆ ಕೊಡುವ ಪ್ರೈವೆಸಿ ರಿಲೀಸ್ ಫಾರ್ಮ್‌ಗೆ ಸಹಿ ಹಾಕಿದರೆ ಅಲ್ಲಿನ ಕೇಸ್ ವರ್ಕರ್ ನಿಮ್ಮ ಪರವಾಗಿ ವಿಚಾರಿಸುತ್ತಾರೆ. ಅವರು ಆದೇಶ ಕೊಡಲಾರರು, ಆದರೆ ಕಡತ ಎಲ್ಲಿ ನಿಂತಿದೆ ಎಂಬ ಉತ್ತರವಾದರೂ ಸಿಗುತ್ತದೆ. ಮಾಮೂಲಿ ಅವಧಿಯನ್ನೂ ಬಹಳ ಮೀರಿದ ವಿಳಂಬಕ್ಕೆ ಫೆಡರಲ್ ಕೋರ್ಟಿನಲ್ಲಿ ಮ್ಯಾಂಡಮಸ್ ದಾವೆ ಹೂಡಬಹುದು. ಅದು ತೀರ್ಮಾನ ಕೊಡಿ ಎಂದು ಕೇಳುವ ದಾವೆ, ವೀಸಾ ಕೊಡಿ ಎಂದಲ್ಲ. ಹತ್ತು ತಿಂಗಳಿಗೆ ಅದು ಬೇಗವಾಯಿತು.

ಪ್ರಶ್ನೆ: ನನಗೆ ಗ್ರೀನ್ ಕಾರ್ಡ್ ಇದೆ. ಗಂಡ ಮತ್ತು ಹತ್ತು ವರ್ಷದ ಮಗನಿಗಾಗಿ ಒಂದೇ ಐ-130 ಹಾಕಿದ್ದೇನೆ. ಎಕ್ಸ್‌ಪಿಡೈಟ್ ಕೇಳಿದರೆ ಪ್ರಯೋಜನವಿದೆಯೇ?

ಉತ್ತರ: ಅರ್ಜಿ ಬೇಗ ಒಪ್ಪಿಗೆಯಾದರೂ ನಿಮ್ಮದು ಎಫ್2ಎ, ಅಂದರೆ ಗ್ರೀನ್ ಕಾರ್ಡ್‌ದಾರರ ಸಂಗಾತಿ ಮತ್ತು ಮಕ್ಕಳ ವರ್ಗ, ವರ್ಷಕ್ಕೆ ಇಷ್ಟೇ ಎಂಬ ಮಿತಿಯಿದೆ. ತಿಂಗಳಿಗೊಮ್ಮೆ ಹೊರಬರುವ ಸರದಿ ಪಟ್ಟಿಯಾದ ವೀಸಾ ಬುಲೆಟಿನ್‌ನಲ್ಲಿ ನಿಮ್ಮ ಪ್ರಯಾರಿಟಿ ದಿನಾಂಕ (ಐ-130 ಸಲ್ಲಿಕೆಯಾದ ದಿನ) ಬರುವವರೆಗೆ ವೀಸಾ ಕೊಡಲು ಬರುವುದಿಲ್ಲ, ಯಾವ ಎಕ್ಸ್‌ಪಿಡೈಟೂ ಆ ದಿನಾಂಕವನ್ನು ಮುಂದೆ ತರಲಾರದು. ನಿಜವಾದ ಒಳದಾರಿ ಪೌರತ್ವ. ಗ್ರೀನ್ ಕಾರ್ಡ್ ಸಿಕ್ಕು ಐದು ವರ್ಷವಾಗುವ 90 ದಿನ ಮೊದಲೇ ಎನ್-400 ಎಂಬ ಪೌರತ್ವದ ಅರ್ಜಿ ಹಾಕಬಹುದು. ಪ್ರಜೆಯಾದ ಕೂಡಲೇ ಪ್ರಮಾಣಪತ್ರದ ಪ್ರತಿಯನ್ನು ಕಡತ ಇರುವ ಕಚೇರಿಗೆ ಕಳಿಸಿದರೆ ಗಂಡನ ಅರ್ಜಿ ಮಿತಿಯಿಲ್ಲದ ವರ್ಗಕ್ಕೆ ಏರುತ್ತದೆ.

ಆದರೆ ಇಲ್ಲೇ ಒಂದು ಗುಂಡಿಯಿದೆ. ಎಫ್2ಎನಲ್ಲಿ ಮಗ ಅಪ್ಪನ ಅರ್ಜಿಯ ಜೊತೆಗೇ ಬರುತ್ತಾನೆ. ಪ್ರಜೆಯ ಸಂಗಾತಿಯ ವರ್ಗದಲ್ಲಿ ಹಾಗೆ ಬರುವಂತಿಲ್ಲ, ಮಗನಿಗೆ ಬೇರೆಯೇ ಐ-130 ಬೇಕು. ಗೊತ್ತಿಲ್ಲದವರ ಗಂಡನ ಸಂದರ್ಶನ ಬಂದು ಮಗು ಹಿಂದೆ ಉಳಿಯುತ್ತದೆ. ಮಗನ ಹೆಸರಿನ ಐ-130 ಈಗಲೇ ಹಾಕಿಬಿಡಿ. 2024ರ ಏಪ್ರಿಲ್‌ನಿಂದ ಆನ್‌ಲೈನಿಗೆ 625, ಕಾಗದದಲ್ಲಿ 675 ಡಾಲರ್.

ಪ್ರಶ್ನೆ: ವೀಸಾ ಬರುವವರೆಗೆ ಹೆಂಡತಿ ಟೂರಿಸ್ಟ್ ವೀಸಾದಲ್ಲಿ ಬಂದು ಇರಬಹುದೇ?

ಉತ್ತರ: ಅರ್ಜಿ ಹಾಕಲು ಕಾನೂನಿನ ಅಡ್ಡಿಯಿಲ್ಲ, ಸಿಗುವುದು ಕಷ್ಟ. ಟೂರಿಸ್ಟ್ ವೀಸಾದ ಅರ್ಜಿಯಾದ ಡಿಎಸ್-160ರಲ್ಲಿ ನಿಮಗಾಗಿ ಯಾರಾದರೂ ಇಮಿಗ್ರೆಂಟ್ ಪೆಟಿಷನ್ ಹಾಕಿದ್ದಾರೆಯೇ ಎಂದು ನೇರವಾಗಿ ಕೇಳುತ್ತದೆ. ಹೌದು ಎಂದರೆ, ಹಿಂದಿರುಗುತ್ತಾರೆ ಎಂದು ಅಧಿಕಾರಿಯನ್ನು ನಂಬಿಸುವ ಭಾರ ಅವರ ಮೇಲೆ ಬೀಳುತ್ತದೆ. ಹಾಗೆ ನಂಬಿಸಲಾಗದವರಿಗೆ ಅನ್ವಯಿಸುವ 214(ಬಿ) ಕಲಮಿನ ಅಡಿ ನಿರಾಕರಣೆಯೇ ಹೆಚ್ಚು. ಅದರಿಂದ ಐ-130 ಕೆಡುವುದಿಲ್ಲ, 185 ಡಾಲರ್ ಶುಲ್ಕ ಮಾತ್ರ ಹೋಗುತ್ತದೆ. ಆದರೆ ಆ ಪ್ರಶ್ನೆಗೆ ಇಲ್ಲ ಎಂದು ಎಂದೂ ಬರೆಯಬೇಡಿ. ಅದು ಸುಳ್ಳು ಹೇಳಿಕೆಯಾಗಿ ಆಜೀವ ನಿರ್ಬಂಧಕ್ಕೆ ಕಾರಣವಾದೀತು, ಆಮೇಲೆ ಸಂಗಾತಿಯ ವೀಸಾಕ್ಕೂ ಐ-601 ಎಂಬ ಮಾಫಿ ಅರ್ಜಿ ಹಾಕಿ ಮತ್ತೊಂದು ಸರದಿಯಲ್ಲಿ ನಿಲ್ಲಬೇಕಾಗುತ್ತದೆ. ಈಗಾಗಲೇ ಟೂರಿಸ್ಟ್ ವೀಸಾ ಇದ್ದವರು ಭೇಟಿಗೆ ಬರುವಾಗ ಹಿಂದಿರುಗುವ ಟಿಕೆಟ್, ಕೆಲಸದ ರಜೆಯ ಪತ್ರ ಕೈಯಲ್ಲಿಟ್ಟುಕೊಳ್ಳಲಿ. ವಿಮಾನ ನಿಲ್ದಾಣದಲ್ಲಿ ಕೇಳಿದರೆ ಪೆಟಿಷನ್ ಇದೆ, ಸಂದರ್ಶನಕ್ಕೆ ಮುಂಬಯಿಗೆ ಹಿಂದಿರುಗುತ್ತೇನೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಲಿ.