ಪ್ರತಿಕ್ರಿಯೆ: ಮೂರನೇ ದಾಳಿಗೆ ರಾಜವಂಶ ಅಳಿಯುವುದನ್ನು ಓದುಗರು ಯಾಕೆ ನಂಬುತ್ತಿಲ್ಲ?

ನಿಮ್ಮ ಕಥೆಯಲ್ಲಿ ಮೂರನೇ ದಾಳಿಗೆ ರಾಜವಂಶ ಅಳಿಯುತ್ತದೆ, ಓದುಗರು ಅದನ್ನು ನಂಬುತ್ತಿಲ್ಲ ಯಾಕೆ ಅಂತ ಕೇಳಿದ್ದೀರಿ. ಮೊದಲ ಎರಡು ದಾಳಿಗಳಲ್ಲಿ ನಿಮ್ಮ ಅರಮನೆ ಏನನ್ನೂ ಕಳೆದುಕೊಂಡಿಲ್ಲ, ಬಹುಶಃ ಅದೇ ತೊಂದರೆ. ಸೈನಿಕರು ಸತ್ತಿದ್ದಾರೆ, ಖಜಾನೆ ಮಾತ್ರ ಹಾಗೇ ಇದೆ.

ಸೈನ್ಯದ ಸಂಬಳ ಯಾವ ಪ್ರಾಂತ್ಯದ ಕಂದಾಯದಿಂದ ಬರುತ್ತದೆ ಅಂತ ಮೊದಲು ನಕ್ಷೆಯಲ್ಲಿ ಗುರುತು ಹಾಕಿ. ಮೊದಲ ದಾಳಿ ಅದನ್ನೇ ಕಿತ್ತುಕೊಳ್ಳಲಿ. 439ರಲ್ಲಿ ವ್ಯಾಂಡಲರು ಎಂಬ ಜರ್ಮನಿಕ್ ಬುಡಕಟ್ಟಿನವರು ಉತ್ತರ ಆಫ್ರಿಕಾದ ಕಾರ್ಥೇಜ್ ನಗರ ಹಿಡಿದಾಗ ಪಶ್ಚಿಮ ರೋಮಿಗೆ ಆಫ್ರಿಕಾದ ಧಾನ್ಯ, ತೆರಿಗೆ ಎರಡೂ ತಪ್ಪಿದವು. ಅಲ್ಲಿನ ಕೊನೆಯ ಚಕ್ರವರ್ತಿ ಎನ್ನಲಾಗುವ ರೋಮುಲಸ್ ಅಗಸ್ಟುಲಸ್ ಪಟ್ಟದಿಂದಿಳಿದದ್ದು 476ರಲ್ಲಿ, ಅಂದರೆ 37 ವರ್ಷ ಬಿಟ್ಟು.

ಆಮೇಲೆ ವಂಶಾವಳಿ. ತಲೆಮಾರಿಗೆ 25 ವರ್ಷ ಹಿಡಿದರೆ ನಿಮ್ಮ 12 ತಲೆಮಾರಿಗೆ 300 ವರ್ಷ. ನೀವು ಬರೆದಿರುವ 600 ಹೊಂದುವುದಿಲ್ಲ, ಅರ್ಧಕ್ಕಿಳಿಸಿ. ಎರಡನೇ ದಾಳಿಯ ಹೊತ್ತಿಗೆ ಪಟ್ಟದಲ್ಲಿ ಆರು ವರ್ಷದ ಹುಡುಗ, ಸುತ್ತ ಹಕ್ಕು ಕೇಳುವ ಇಬ್ಬರು ದಾಯಾದಿಗಳಿರಲಿ. ಸೋಲಿಗಿಂತ ಸೋಲಿನ ನಂತರದ ಒಳಜಗಳವೇ ಹೆಚ್ಚು ಕೆಡಿಸುತ್ತದೆ. 1071ರಲ್ಲಿ ಮಂಜಿಕರ್ಟ್ ಯುದ್ಧದಲ್ಲಿ ಸೆಲ್ಜುಕ್ ತುರ್ಕರಿಗೆ ಸೆರೆಸಿಕ್ಕ ಬೈಜಾಂಟಿಯಮ್ (ಪೂರ್ವ ರೋಮನ್ ಸಾಮ್ರಾಜ್ಯ) ಚಕ್ರವರ್ತಿ ನಾಲ್ಕನೇ ರೊಮಾನೋಸ್ ಬಿಡುಗಡೆಯಾಗಿ ಬರುವಷ್ಟರಲ್ಲಿ ರಾಜಧಾನಿಯವರು ಅವನನ್ನು ಪದಚ್ಯುತಗೊಳಿಸಿದ್ದರು. ಅಂತರ್ಯುದ್ಧಗಳ ನಡುವೆಯೇ ಅನಟೋಲಿಯದ (ಇಂದಿನ ತುರ್ಕಿಯ ಏಷ್ಯಾ ಭಾಗ) ಬಹುಭಾಗ ಕೈತಪ್ಪಿತು.

ಇಳಿತವನ್ನು ಕಣ್ಣಿಗೆ ಕಾಣಿಸಲು ನಾಣ್ಯ ಬಳಸಿ. 11ನೇ ಶತಮಾನದ ಆರಂಭದಲ್ಲಿ ಬಹುತೇಕ ಅಪ್ಪಟವಾಗಿದ್ದ ಬೈಜಾಂಟಿಯಮ್‌ನ ಚಿನ್ನದ ನಾಣ್ಯದಲ್ಲಿ 1080ರ ದಶಕಕ್ಕೆ ಚಿನ್ನ ಹೆಸರಿಗಷ್ಟೇ ಉಳಿದಿತ್ತು. ನಿಮ್ಮ ಕಥೆಯಲ್ಲೂ ಮೊದಲು ಹಳದಿ, ನಂತರ ಮಾಸಲು, ಕೊನೆಗೆ ಕೂಲಿ ಸಿಪಾಯಿ ಅದನ್ನು ಹಲ್ಲಲ್ಲಿ ಕಚ್ಚಿ ನೋಡಿ, ಎಸೆದು ಹೊರಟುಹೋಗಲಿ.

ದಾಳಿಕೋರರು ಬರುವ ಕಾರಣ ನೀವು ಬರೆದಿಲ್ಲ, ಹಾಗಾಗಿ ಮೂರನೇ ದಾಳಿ ಹೇಗಿರಬೇಕು ಅಂತ ಖಚಿತವಾಗಿ ಹೇಳಲಾರೆ. ಲೂಟಿಗಾದರೆ ಅವರು ಹಿಂದಿರುಗಬೇಕು. ಹಿಂದಿನಿಂದ ಇನ್ಯಾರೋ ಅಟ್ಟುತ್ತಿದ್ದರೆ ಹೆಂಡತಿ ಮಕ್ಕಳು, ದನಕರುಗಳೊಂದಿಗೆ ಬಂದು ಅಲ್ಲೇ ನೆಲೆಸಬೇಕು. ಅದನ್ನು ತೀರ್ಮಾನಿಸಿಯೇ ಮುತ್ತಿಗೆಯ ಅಧ್ಯಾಯ ತಿದ್ದಿ.